ಐಸಿಯು ಹೊರಗೆ ಕೂತವರ ಜೊತೆ ಯಾವ ಕೀರ್ತನೆ ಓದುವುದು?

ಸಭೆಯ ಭೇಟಿ ತಂಡ
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತೇವೆ. ರೋಗಿಗಿಂತ ಹೊರಗೆ ಬೆಂಚಿನ ಮೇಲೆ ಕೂತ ಮನೆಯವರೇ ಹೆಚ್ಚು ಕುಗ್ಗಿರುತ್ತಾರೆ. ಬೈಬಲಿನ ಯೆರೆಮೀಯ 29:11, ಫಿಲಿಪ್ಪಿ 4:13, ಕೀರ್ತನೆ 91, ಈ ಮೂರನ್ನೇ ಓದುತ್ತಾ ಬಂದಿದ್ದೇವೆ. ‘ಆಮೆನ್’ ಅನ್ನುತ್ತಾರೆ, ಮುಖದ ಕಳೆ ಮಾತ್ರ ಬದಲಾಗಲ್ಲ. ಏನು ಓದಬೇಕು, ಎಷ್ಟು ಹೊತ್ತು?

ಕೀರ್ತನೆ ಓದುಗ
ವಚನಗಳು ಸರಿ ಇವೆ ಬ್ರದರ್, ಓದುವ ಹೊತ್ತು ಸರಿ ಇಲ್ಲ. ಯೆರೆಮೀಯ 29ರಲ್ಲಿ ಒಂದೇ ವಚನ ಹಿಂದೆ ಹೋಗಿ ನೋಡಿ, ‘70 ವರ್ಷ’ ಅಂತಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಒಳ್ಳೆಯ ನಾಳೆಯ ಭರವಸೆ ಕೊಡುವ 11 ಗೋಡೆ ಕ್ಯಾಲೆಂಡರಿಗೆ ಬರುತ್ತದೆ, ಕಾಯಬೇಕಾದ ವರ್ಷ ಹೇಳುವ 10 ಬರುವುದಿಲ್ಲ! ಕೀರ್ತನೆ 91ರ ಮಾತು ಕೇಡು ಹತ್ತಿರ ಬರದು ಎಂದು. ಕೇಡು ಆಗಲೇ ಮನೆ ಹೊಕ್ಕಿರುವಾಗ ಅದನ್ನು ಓದಿದರೆ ‘ನಮ್ಮ ನಂಬಿಕೆಯಲ್ಲೇ ಏನೋ ಕೊರತೆ’ ಎಂಬ ಹುಳ ತಲೆಗೆ ಬಿಟ್ಟಂತೆ. ಯೇಸುವನ್ನು ಶೋಧಿಸಲು ಸೈತಾನ ಎತ್ತಿಕೊಂಡದ್ದೂ ಇದೇ ಕೀರ್ತನೆ (ಮತ್ತಾಯ 4:6).

13ನೇ ಕೀರ್ತನೆ ಓದಿ. ಆರೇ ವಚನ, ನಿಧಾನವಾಗಿ ಓದಿದರೂ ಎರಡು ನಿಮಿಷ ದಾಟಲ್ಲ. ಮೊದಲ ಎರಡು ವಚನ ಬರೀ ದೂರು, ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. 3–4 ಬೇಡಿಕೆ. ಭರವಸೆ ಬರುವುದು 5–6ರಲ್ಲಿ. ನಾವು ಎಡವುವುದು, ಮನೆಯವರು ಇನ್ನೂ ಒಂದನೇ ವಚನದಲ್ಲಿರುವಾಗ ಐದಕ್ಕೆ ಹಾರಿಬಿಡುವುದರಿಂದ. ಎರಡನೇ ವಚನ ಮುಗಿದ ಕೂಡಲೇ ಅರ್ಧ ನಿಮಿಷ ನಿಲ್ಲಿಸಿ. ಅತ್ತರೆ ಅಳಲಿ, ‘ಅಳಬೇಡಿ’ ಅನ್ನಬೇಡಿ. ಮುಂದುವರಿಸಲು ಆಗದಿದ್ದರೆ ಅಷ್ಟಕ್ಕೇ ಬಿಡಿ, ಉಳಿದದ್ದು ಮರುದಿನ ಓದಿದರಾಯಿತು.

ಕರಾವಳಿ ಕೆಥೋಲಿಕ್
23ನೇ ಕೀರ್ತನೆಯನ್ನೂ ಬಿಡಬೇಡಿ, ಬಹಳ ಜನರಿಗೆ ಬಾಯಿಪಾಠ ಇರುವುದು ಅದೇ. ಹಸುರುಗಾವಲು, ನೀರು ಅನ್ನುವಾಗ ದೇವರು ‘ಆತನು’. ಕಾರ್ಗತ್ತಲಿನ ಕಣಿವೆ ಬಂತೋ ಇಲ್ಲವೋ, 4ನೇ ವಚನದಲ್ಲಿ ‘ನೀನು’ ಆಗಿಬಿಡುತ್ತಾನೆ. ಆ ವಚನವನ್ನು ನೀವು ಓದದೆ ಮನೆಯವರ ಬಾಯಲ್ಲೇ ಹೇಳಿಸಿ.

ಕೆಥೋಲಿಕ್ ಮನೆಯವರಾದರೆ ಇನ್ನೊಂದು ಮಾತು. ‘ಫಾದರ್ ಎಣ್ಣೆ ಹಚ್ಚಲು ಬಂದರೆ ಮುಗೀತು’ ಎಂಬ ಹೆದರಿಕೆಯಲ್ಲಿ ಕೊನೇ ಗಳಿಗೆವರೆಗೂ ಕರೆಯುವುದಿಲ್ಲ. ಅದು ಸಾಯುವವರಿಗೆ ಮಾತ್ರ ಇರುವ ಸಂಸ್ಕಾರ ಅಲ್ಲ. ಗಂಭೀರ ಕಾಯಿಲೆಗೆ, ದೊಡ್ಡ ಆಪರೇಷನ್‌ಗೆ ಮುಂಚೆಯೂ ಕೊಡುತ್ತಾರೆ, ಕಾಯಿಲೆ ಮರುಕಳಿಸಿದರೆ ಮತ್ತೆ ಕೊಡಬಹುದು. ಹಚ್ಚುವುದು ಹಣೆಗೆ ಮತ್ತು ಎರಡೂ ಕೈಗೆ. ರೋಗಿಗೆ ಎಚ್ಚರ ಇರುವಾಗಲೇ ಕರೆಸಿದರೆ ‘ಆಮೆನ್’ ಅನ್ನಲು ಅವರಿಗೂ ಸಾಧ್ಯ.

ನೈಟ್ ಡ್ಯೂಟಿ
ವಾರ್ಡಿನ ಕಡೆಯಿಂದ ನನ್ನದೂ ಒಂದಿಷ್ಟು. ಇಬ್ಬರಿಗಿಂತ ಹೆಚ್ಚು ಜನ ಬೇಡ, ಹತ್ತು ನಿಮಿಷ ಸಾಕು. ದನಿ ಪಕ್ಕದ ಬೆಂಚಿಗೆ ಕೇಳಿಸಬಾರದು, ಅಲ್ಲಿ ಬೇರೆ ನಂಬಿಕೆಯವರೂ ತಮ್ಮವರಿಗಾಗಿ ಕಾಯುತ್ತಿರುತ್ತಾರೆ. ಆಕ್ಸಿಜನ್ ಇರುವ ಕಡೆ ಮೇಣದಬತ್ತಿ ಖಂಡಿತ ಬೇಡ, ಎಣ್ಣೆಗೂ ಮೊದಲು ಡ್ಯೂಟಿ ನರ್ಸನ್ನು ಕೇಳಿ. ‘ಪ್ರಾರ್ಥನೆ ಮಾಡಿದ್ದೇವೆ, ಇನ್ನು ಮಾತ್ರೆ ಯಾಕೆ’ ಎಂಬ ಮಾತು ತಮಾಷೆಗೂ ಬಾಯಿಂದ ಬರಬಾರದು.

1 ಅರಸು 19 ನೋಡಿ. ‘ಸಾಕು, ಪ್ರಾಣ ತೆಗೆದುಕೋ’ ಅಂದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ಬೈಬಲ್ ಜೊತೆ ಫ್ಲಾಸ್ಕಿನಲ್ಲಿ ಚಹಾ, ನಾಲ್ಕು ಇಡ್ಲಿ ತನ್ನಿ. ‘ಎರಡು ಗಂಟೆ ನಾನು ಇಲ್ಲೇ ಇರುತ್ತೇನೆ, ನೀವು ಮಲಗಿ ಬನ್ನಿ’ ಅನ್ನಿ. ಎಲೀಯನ ಹಾಗೇ ಯಾರಾದರೂ ಸಾಯುವ ಮಾತಾಡಿದರೆ ಒಬ್ಬರೇ ಬಿಟ್ಟು ಬರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಹಚ್ಚಿ ಕೊಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಭೆಯ ಭೇಟಿ ತಂಡ
ತುಂಬಾ ಉಪಕಾರ. ನಾವು ಅಲ್ಲಿರುವಾಗಲೇ ಕೆಟ್ಟ ಸುದ್ದಿ ಬಂದರೆ?

ಕೀರ್ತನೆ ಓದುಗ
ಆಗ ಏನೂ ಓದಬೇಡಿ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತೂ ಸರಿಯಾಗೇ ಇದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ‘ದೇವರ ಚಿತ್ತ’ ಎಂಬ ಮಾತನ್ನು ಮನೆಯವರೇ ಆಡಿದರೆ ತಲೆದೂಗಿ, ನೀವಾಗಿ ಆಡಬೇಡಿ. 88ನೇ ಕೀರ್ತನೆಯನ್ನು ಒಂದೆರಡು ವಾರದ ನಂತರಕ್ಕೆ ಇಟ್ಟುಕೊಳ್ಳಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಬೇರೆ ವಚನ ಅಂಟಿಸಿ ಸಿಹಿ ಮಾಡಬೇಡಿ. ಆ ರಾತ್ರಿಗೆ ನಿಮ್ಮ ಕೆಲಸ ಬೇರೆ: ಅಯ್ಯನವರಿಗೆ (ಪಾಸ್ಟರ್) ಫೋನ್, ಆಂಬುಲೆನ್ಸ್, ಪೆಟ್ಟಿಗೆ, ಸಮಾಧಿ ಜಾಗಕ್ಕೆ ಸಭೆಯ ಕಾರ್ಯದರ್ಶಿ. ಈ ನಂಬರುಗಳನ್ನು ಬೈಬಲಿನ ಹಿಂದಿನ ಪುಟದಲ್ಲಿ ಇವತ್ತೇ ಬರೆದಿಟ್ಟುಕೊಳ್ಳಿ.