ಸ್ಲೈಡ್-ಔಟ್ ಒಳಗೆ ಬರುವಾಗ ಒಂದು ತುದಿ ಹಿಂದೆ ಬೀಳುತ್ತೆ: ಮೋಟಾರ್ ಬದಲಿಸಲೇಬೇಕಾ?

ಬಯಲುದಾರಿ (ಫೀನಿಕ್ಸ್, ಅರಿಜೋನಾ)

ನಮಸ್ಕಾರ. 28 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಮನೆ), ಡ್ರೈವರ್ ಕಡೆ ಒಂದೇ ಸ್ಲೈಡ್, ಅಂದರೆ ನಿಲ್ಲಿಸಿದಾಗ ಗೋಡೆಯಿಂದ ಹೊರಗೆ ಚಾಚುವ ಕೋಣೆಯ ಭಾಗ. ಸೋಫಾ, ಊಟದ ಮೇಜು ಎರಡೂ ಅದರಲ್ಲೇ. ಸ್ಲೈಡಿನ ಎರಡೂ ಪಕ್ಕದ ಕಂಬದಲ್ಲಿ ಒಂದೊಂದು ಮೋಟಾರ್ ಇರುವ ಬಗೆಯದು. ಅಡಿಯಲ್ಲಿ ಕಬ್ಬಿಣದ ತೊಲೆ ಇಲ್ಲ.

ಹೊರಗೆ ಹೋಗುವಾಗ ಹೆಚ್ಚುಕಡಿಮೆ ಸರಿ. ಒಳಗೆ ಎಳೆಯುವಾಗ ಮೊದಲ ಒಂದು ಅಡಿ ನೇರವಾಗಿ ಬರುತ್ತೆ, ಆಮೇಲೆ ಸೋಫಾ ಕಡೆಯ ತುದಿ ಎರಡು ಇಂಚು ಹಿಂದೆ ಬಿದ್ದು, ಸೊಟ್ಟಗಾಗಿ ನಿಲ್ಲುತ್ತೆ. ಸ್ವಿಚ್ ಬಿಟ್ಟು ಮತ್ತೆ ಒತ್ತಿದರೆ ನಾಲ್ಕು ಇಂಚು ಬಂದು ಮತ್ತೆ ನಿಲ್ಲುತ್ತೆ. ಮನೆಯ ಕರೆಂಟಿಗೆ ಜೋಡಿಸಿದಾಗ ತೊಂದರೆ ಕಡಿಮೆ, ಬರೀ ಬ್ಯಾಟರಿಯಲ್ಲಿ ಜಾಸ್ತಿ. ಬ್ಯಾಟರಿ ಒಂದೇ, 12 ವೋಲ್ಟಿನ ಲೆಡ್-ಆಸಿಡ್, ಮೂರು ವರ್ಷ ಹಳೆಯದು. ಮೀಟರ್ ಹಿಡಿದರೆ 12.5 ತೋರಿಸುತ್ತೆ, ಹಾಗಾಗಿ ಬ್ಯಾಟರಿಯ ಮೇಲೆ ಅನುಮಾನ ಇಲ್ಲ. ಹಲ್ಲಿನ ಪಟ್ಟಿಗೆ ಗ್ರೀಸ್ ಹಚ್ಚಿದೆ, ಏನೂ ಬದಲಾಗಲಿಲ್ಲ. ಇಲ್ಲಿನ ಒಂದು ರಿಪೇರಿ ಅಂಗಡಿಯವರು ಮೀಟರ್ ಕೂಡ ಹಿಡಿಯದೆ "ಎರಡೂ ಮೋಟಾರ್ ಹಾಕಿಸಿ" ಅಂದರು.

ಮುಂದಿನ ತಿಂಗಳು ಗ್ರ್ಯಾಂಡ್ ಕ್ಯಾನಿಯನ್ ಸೌತ್ ರಿಮ್‌ನ ಮ್ಯಾಥರ್ ಕ್ಯಾಂಪ್‌ಗ್ರೌಂಡಿಗೆ ಹೋಗಬೇಕು. ಅಲ್ಲಿ ಕರೆಂಟ್ ಹುಕ್‌ಅಪ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ತಂತಿಮನೆ

ಸರ್, ಮೋಟಾರಿಗೆ ಈಗಲೇ ದುಡ್ಡು ಹಾಕಬೇಡಿ. ಮನೆಯ ಕರೆಂಟಿನಲ್ಲಿ ತೊಂದರೆ ಕಡಿಮೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಆಗ ಕನ್ವರ್ಟರ್ (ಮನೆಯ ಕರೆಂಟನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) ಸುಮಾರು 13.6 ವೋಲ್ಟ್ ಕೊಡುತ್ತೆ. ವೋಲ್ಟೇಜ್ ಏರಿದಾಗ ಸುಧಾರಿಸುವ ಮೋಟಾರ್ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತೆ.

ನಿಮ್ಮದು ಇನ್-ವಾಲ್ ಸ್ಲೈಡ್, ಶ್ವಿಂಟೆಕ್ ಅಂತ ಜನ ಕರೆಯೋದು. ಎರಡೂ ಮೋಟಾರಿನ ಒಳಗೆ ಸುತ್ತು ಗುರುತಿಸುವ ಹಾಲ್ ಸೆನ್ಸರ್ ಇದೆ. ಎಷ್ಟು ಸುತ್ತು ತಿರುಗಿತು ಅಂತ ಕಂಟ್ರೋಲರ್ (ಮೋಟಾರ್ ನಡೆಸುವ ಪೆಟ್ಟಿಗೆ) ಎಣಿಸುತ್ತಾ, ಎರಡು ಪಕ್ಕವನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುತ್ತೆ. ವೋಲ್ಟೇಜ್ ಕುಸಿದರೆ ಭಾರ ಜಾಸ್ತಿ ಇರುವ ಪಕ್ಕ, ಅಂದರೆ ನಿಮ್ಮ ಸೋಫಾ ಕಡೆ, ಮೊದಲು ಸೋಲುತ್ತೆ. ಅಂತರ ಮಿತಿ ಮೀರಿದರೆ ಕಂಟ್ರೋಲರ್ ಎರಡನ್ನೂ ನಿಲ್ಲಿಸುತ್ತೆ. ವೋಲ್ಟೇಜ್ 9 ಚಿಲ್ಲರೆಗೆ ಇಳಿದರೆ ಹೊಸ ಮೋಟಾರ್ ಕೂಡ ಹೀಗೇ ನಿಲ್ಲುತ್ತೆ.

ಸುಮ್ಮನೆ ಇರುವ ಬ್ಯಾಟರಿಯಲ್ಲಿ 12.5 ನೋಡಿ ಪ್ರಯೋಜನವಿಲ್ಲ. ಸ್ಲೈಡ್ ಓಡುತ್ತಿರುವಾಗಲೇ ಅಳೆಯಬೇಕು. ಮನೆಯ ಕರೆಂಟ್ ತೆಗೆದುಹಾಕಿ, ಒಬ್ಬರು ಸ್ವಿಚ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಕಂಟ್ರೋಲರಿಗೆ ಬರುವ ದಪ್ಪ ಪ್ಲಸ್, ಮೈನಸ್ ತಂತಿಗಳ ಮೇಲೆ ಮೀಟರ್ ಇಡಲಿ. 11ಕ್ಕಿಂತ ಕೆಳಗಿಳಿದರೆ ದೋಷ ಬ್ಯಾಟರಿಯಲ್ಲಿ ಅಥವಾ ದಾರಿಯಲ್ಲಿ, ಅಂದರೆ ನಡುವಿನ ತಂತಿ, ಜೋಡಣೆಯಲ್ಲಿ. ದಾರಿಯಲ್ಲಾ ಅಂತ ತಿಳಿಯೋದು ಹೀಗೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಕಂಟ್ರೋಲರಿನ ಪ್ಲಸ್ ಮೇಲೆ ಇಟ್ಟು ಸ್ಲೈಡ್ ಓಡಿಸಿ. ಉದ್ದನೆಯ ತಂತಿ ಒಂದು ಬೇಕಾಗುತ್ತೆ. ಅರ್ಧ ವೋಲ್ಟಿನೊಳಗೆ ಇದ್ದರೆ ಸರಿ. ಮೈನಸ್ ಕಡೆಯೂ ಹಾಗೇ ನೋಡಿ. ಅದನ್ನು ಬಹಳ ಜನ ಬಿಟ್ಟುಬಿಡ್ತಾರೆ.

ನಷ್ಟ ಕಂಡರೆ ಮೊದಲು ಹುಡುಕಬೇಕಾದ್ದು ಟ್ರೇಲರಿನ ಮೂತಿಯ ಹತ್ತಿರ, ಬ್ಯಾಟರಿ ಪಕ್ಕದಲ್ಲಿರುವ 30 ಆಂಪ್‌ನ ಆಟೋ-ರಿಸೆಟ್ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ಕಡಿದು, ಆಮೇಲೆ ತಾನೇ ಜೋಡಿಸುವುದು). ಹೆಬ್ಬೆರಳಿನಷ್ಟು ಸಣ್ಣದು, ಎರಡು ತಿರುಪು ಕಂಬ ಇರುತ್ತೆ. ರಸ್ತೆಯ ನೀರೆಲ್ಲ ಅದಕ್ಕೇ ಎರಚೋದರಿಂದ ನಟ್ಟಿನ ಕೆಳಗೆ ಹಸಿರು ಕಿಲುಬು ಕಟ್ಟಿರುತ್ತೆ. ಮೇಲಿಂದ ನೋಡಿದರೆ ಗೊತ್ತಾಗಲ್ಲ, ಬಿಚ್ಚಬೇಕು. ಬಿಚ್ಚುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಹೊಸದು ಹಾಕುವಾಗ ಮತ್ತೆ 30 ಆಂಪ್‌ನದೇ ಇರಲಿ. 40 ಹಾಕಿದರೆ ತಂತಿ ಸುಡುವ ಹೊತ್ತಿಗೂ ಬ್ರೇಕರ್ ಬಿಡದೇ ಹೋಗಬಹುದು.

ಕಂಟ್ರೋಲರಿನ ಕೆಂಪು ದೀಪ ಎಷ್ಟು ಸಲ ಮಿನುಗುತ್ತೆ ಅಂತಲೂ ಎಣಿಸಿ ಹೇಳಿ.

ಹುಬ್ಬಳ್ಳಿ_ಡೆನ್ವರ್

ತಂತಿಮನೆಯವರು ಹೇಳಿದ್ದು ಬರೋಬ್ಬರಿ ಐತ್ರಿ. ನಾ ಹೇಳೂದು ಸ್ವಿಚ್ಚಿನ ಮಾತು. ಸ್ಲೈಡ್ ಗ್ವಾಡಿಗೆ ತಾಗಿದ ಕೂಡ್ಲೇ ಬಟ್ಟು ತಗೀಬ್ಯಾಡ್ರಿ. ಎರಡೂ ಮೋಟಾರ್ ತಾವಾಗೇ ಬಂದ್ ಆಗೂ ತನಕ ಒತ್ತಿ ಹಿಡೀರಿ. ತುದಿ ಎಲ್ಲೈತಿ ಅನ್ನೂದು ಕಂಟ್ರೋಲರಿಗೆ ಗೊತ್ತಾಗೂದು ಅಲ್ಲೇ. ನಡುವ ನಡುವ ನಿಲ್ಲಿಸಿ ಹಿಂದ ಮುಂದ ಮಾಡಿದ್ರ ಲೆಕ್ಕ ತಪ್ಪತೈತಿ.

ತಪ್ಪಿದ ಲೆಕ್ಕ ಸರಿ ಮಾಡೂದು ಹಿಂಗ: ಪೂರ್ತಿ ಹೊರಗ ಹಾಕಿ, ಮೋಟಾರ್ ತಾವಾಗೇ ನಿಲ್ಲೂ ತನಕ ಹಿಡೀರಿ. ಒಂದೆರಡು ಇಂಚು ಅಷ್ಟೇ ಒಳಗ ತಗೋರಿ. ಮತ್ತ ಪೂರ್ತಿ ಹೊರಗ. ಎರಡೂ ಕಡೆ ಪೂರ್ತಿ ತಾಗಿ ತಾವಾಗೇ ನಿಲ್ಲೂ ತನಕ ಮೂರ್ನಾಕು ಸಲ ಮಾಡ್ರಿ. ಆದ್ರ ವೋಲ್ಟೇಜ್ ಮೊದಲ ಸರಿ ಮಾಡ್ಕೋರಿ, ಇಲ್ಲಂದ್ರ ಎರಡು ದಿನಕ್ಕ ಮತ್ತ ಅದ ಹಾಡು.

ಮತ್ತ ಆ ಗ್ರೀಸ್ ಇವತ್ತ ಒರಸಿ ತಗೀರಿ. ಅರಿಜೋನಾದ ಧೂಳಿಗೆ ಗ್ರೀಸ್ ಕೂಡಿದ್ರ ಅಲ್ಯೂಮಿನಿಯಂ ಹಲ್ಲಿಗೆ ಅರ ಹಾಕಿ ತಿಕ್ಕಿದಂಗ. ಬೇಕಂದ್ರ ಒಣಗೂ ಜಾತಿಯ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ತೆಳ್ಳಗ ಹೊಡೀರಿ. ಸಿಲಿಕೋನ್ ಸ್ಪ್ರೇ ರಬ್ಬರ್ ಸೀಲಿಗಷ್ಟ ಇರ್ಲಿ.

ಬಯಲುದಾರಿ

ಇಬ್ಬರಿಗೂ ಧನ್ಯವಾದ. ಅಳೆದೆ. ಕಂಟ್ರೋಲರ್ ಮಂಚದ ಕೆಳಗಿತ್ತು. ಸ್ಲೈಡ್ ಓಡುವಾಗ ಬ್ಯಾಟರಿಯಲ್ಲಿ 11.9, ಕಂಟ್ರೋಲರಿನಲ್ಲಿ 9.7. ಪ್ಲಸ್ ದಾರಿಯಲ್ಲಿ ನಷ್ಟ 1.9, ಮೈನಸ್ ದಾರಿಯಲ್ಲಿ 0.3. ಕೆಂಪು ದೀಪ ಐದು ಸಲ.

ಬ್ರೇಕರಿನ ಎರಡನೇ ನಟ್ಟು ಬಿಚ್ಚಿದರೆ ತಂತಿಯ ಉಂಗುರದ ಅಡಿ ಪೂರ್ತಿ ಹಸಿರು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ಹೊಸ 30 ಆಂಪ್ ಬ್ರೇಕರ್, ಹೊಸ ಉಂಗುರ ಹಾಕಿದೆ. ಫ್ರೇಮಿಗೆ ಕೂರುವ ಗ್ರೌಂಡಿನ ಬಣ್ಣ ಕೆರೆದು ಸ್ಟಾರ್ ವಾಷರ್ ಹಾಕಿದೆ. ಈಗ ಪ್ಲಸ್ ನಷ್ಟ 0.3, ಮೈನಸ್ 0.1, ಕಂಟ್ರೋಲರಿನಲ್ಲಿ 11.5. ಹುಬ್ಬಳ್ಳಿಯವರು ಹೇಳಿದಂತೆ ಮೂರು ಸಲ ಲೆಕ್ಕ ಕೂರಿಸಿದ ಮೇಲೆ ಸ್ಲೈಡ್ ನೇರವಾಗಿ ಬರುತ್ತಿದೆ. ಆದರೆ ಕೊನೆಯ ಆರು ಇಂಚಿನಲ್ಲಿ ಸೋಫಾ ಕಡೆಯಿಂದ "ಟಕ್ ಟಕ್" ಸದ್ದು ಉಳಿದಿದೆ.

ಗಾಲಿಮನೆ

ಐದು ಮಿನುಗು ಅಂದರೆ ಮೋಟಾರ್ ಮಿತಿಗಿಂತ ಹೆಚ್ಚು ಕರೆಂಟ್ ಎಳೆಯಿತು ಅಥವಾ ತಿರುಗಲಾರದೆ ನಿಂತಿತು ಅಂತ. ಯಾಕೆ ನಿಂತಿತು ಅನ್ನೋದನ್ನ ಕೋಡ್ ಹೇಳಲ್ಲ, ಮೋಟಾರ್ ಸುಮ್ಮಸುಮ್ಮನೆ ಬದಲಾಗೋದು ಇಲ್ಲೇ. ಎಂಟು ಮಿನುಗಿದರೆ ಹಾಲ್ ಸೆನ್ಸರಿನ ಸಂಕೇತ ಬರುತ್ತಿಲ್ಲ. ಆಗ ಮೊದಲು ಕಂಟ್ರೋಲರಿನ ಪ್ಲಗ್ ಕಿತ್ತು ಮತ್ತೆ ಕೂರಿಸಿ, ಸಣ್ಣ ತಂತಿಗಳಲ್ಲಿ ಯಾವುದಾದರೂ ಗೋಡೆಯ ಸ್ಟೇಪಲ್ಲಿಗೆ ಸಿಕ್ಕಿದೆಯಾ ನೋಡಬೇಕು. ಮೂರು ಮಿನುಗಿದರೆ ಶುರುವಿನಲ್ಲೇ ಬ್ಯಾಟರಿ 8 ವೋಲ್ಟಿಗಿಂತ ಕೆಳಗೆ.

ಟಕ್ ಟಕ್ ಸದ್ದನ್ನು ಬಿಡಬೇಡಿ, ಹಲ್ಲು ಜಾರುವ ಸದ್ದು ಅದು. ಸೋಫಾ ಕಡೆಯ ಕಂಬದಲ್ಲಿ ಮೂರು ವಿಷಯ ನೋಡಿ. ಒಂದು, ಮೇಲ್ಪಟ್ಟಿ ಕೆಳಪಟ್ಟಿ ಎರಡರಲ್ಲೂ ಕೊನೆಯ ಆರು ಇಂಚಿನ ಹಲ್ಲು ಸವೆದಿದೆಯಾ. ಟಾರ್ಚ್ ಓರೆಯಾಗಿ ಹಿಡಿದರೆ ಸವೆದ ಹಲ್ಲು ಹೊಳೆಯುತ್ತೆ. ಎರಡು, ಹಲ್ಲಿನ ಸಂದಿಯಲ್ಲಿ ಕಲ್ಲುಪುಡಿ, ಅಲ್ಯೂಮಿನಿಯಂ ಚೂರು ಇದೆಯಾ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಡವಿ. ಮೂರನೆಯದನ್ನು ಹೆಚ್ಚಿನವರು ಮರೆಯೋದು: ಮೋಟಾರ್ ಕಂಬದ ಮೇಲ್ಭಾಗದಲ್ಲಿ ನಿಂತು, ಕೆಳಗಿನ ಉದ್ದ ಕಡ್ಡಿಯನ್ನು ತಿರುಗಿಸುತ್ತೆ. ಮೋಟಾರ್ ಹಿಡಿದಿಡುವ ತಿರುಪು ಸಡಿಲವಾದರೆ ಭಾರ ಬಿದ್ದಾಗ ಮೋಟಾರ್ ಮೇಲಕ್ಕೆ ಏರಿ ಕಡ್ಡಿಯ ಹಿಡಿತ ಅರ್ಧ ತಪ್ಪುತ್ತೆ. ಮೋಟಾರ್ ಒತ್ತಿ ಕೂರಿಸಿ ತಿರುಪು ಬಿಗಿ ಮಾಡಿದರೆ ಮುಗಿಯಿತು.

ಬಯಲುದಾರಿ

ಮೂರನೆಯದೇ! ತಿರುಪು ಸಡಿಲವಾಗಿತ್ತು, ಮೋಟಾರ್ ಸುಮಾರು ಅರ್ಧ ಇಂಚು ಮೇಲೇರಿತ್ತು. ಬಿಗಿ ಮಾಡಿದ ಮೇಲೆ ಸದ್ದಿಲ್ಲ. ಕೊನೆಯ ಪ್ರಶ್ನೆ: ಮ್ಯಾಥರಿನಲ್ಲಿ ಅಕಸ್ಮಾತ್ ನಿಂತುಹೋದರೆ ಒಳಗೆ ತರೋದು ಹೇಗೆ?

ತಂತಿಮನೆ

ಅಲ್ಲಿ 7,000 ಅಡಿ ಎತ್ತರ, ರಾತ್ರಿ ಚಳಿ. ಚಳಿಗೆ ಲೆಡ್-ಆಸಿಡ್ ಬ್ಯಾಟರಿ ಕುಗ್ಗುತ್ತೆ. ಹಾಗಾಗಿ ಹೊರಡುವ ದಿನ ಬೆಳಗಿನ ಜಾವವೇ ಸ್ಲೈಡ್ ಎಳೆಯಬೇಡಿ, ಜನರೇಟರ್ ಅಥವಾ ಸೋಲಾರಿನಿಂದ ಬ್ಯಾಟರಿ ತುಂಬಿದ ಮೇಲೆ ಎಳೆಯಿರಿ.

ಆದರೂ ನಿಂತರೆ, ಕಂಟ್ರೋಲರಿನ ಮೋಡ್ ಬಟನ್ನನ್ನು ಬೇಗಬೇಗ ಆರು ಸಲ ಒತ್ತಿ, ಏಳನೇ ಸಲ ಐದು ಸೆಕೆಂಡ್ ಹಿಡಿಯಿರಿ. ಕೆಂಪು, ಹಸಿರು ದೀಪ ಮಿನುಗಲು ಶುರುವಾದರೆ ಬಿಟ್ಟು ಗೋಡೆಯ ಸ್ವಿಚ್ ಬಳಸಿ. ಈ ಸ್ಥಿತಿಯಲ್ಲಿ ಎರಡು ಪಕ್ಕವನ್ನು ಸರಿದೂಗಿಸುವವರು ಯಾರೂ ಇಲ್ಲ. ಹೊರಗೊಬ್ಬರು ನಿಂತು ನೋಡಲಿ, ಸೊಟ್ಟಗಾದರೆ ತಕ್ಷಣ ಸ್ವಿಚ್ ಬಿಡಿ.

ಅದೂ ಆಗದಿದ್ದರೆ ಕಂಟ್ರೋಲರಿನಿಂದ ಎರಡೂ ಮೋಟಾರಿನ ಪ್ಲಗ್ ಕಿತ್ತುಬಿಡಿ, ಸ್ಲೈಡ್ ಕೈಯಲ್ಲಿ ತಳ್ಳುವಷ್ಟು ಸಡಿಲವಾಗುತ್ತೆ. ಹೊರಗಿನಿಂದ ಎರಡು ತುದಿಗೂ ಜನ ನಿಂತು, ಕೆಳಭಾಗದಲ್ಲಿ ಕೈಕೊಟ್ಟು ಒಟ್ಟಿಗೆ ತಳ್ಳಿ. ಸೀಲ್ ಕೂತ ಮೇಲೆ ಎರಡೂ ಪ್ಲಗ್ ವಾಪಸ್ ಹಾಕಿ. ಮೋಟಾರಿನ ಬ್ರೇಕ್ ಹಿಡಿಯೋದು ಆಗಲೇ. ಪ್ಲಗ್ ಹಾಕದೆ ಹೊರಟರೆ ಮೊದಲ ತಿರುವಿನಲ್ಲೇ ಸ್ಲೈಡ್ ಹೊರಗೆ ಬರಬಹುದು. ಸ್ಲೈಡಿಗೂ ಎದುರು ಗೋಡೆಗೂ ನಡುವೆ ಸರಿಯಾಗಿ ಕೂರುವ ಮರದ ತುಂಡೊಂದನ್ನು ಮನೆಯಲ್ಲೇ ಅಳತೆಗೆ ಕತ್ತರಿಸಿ ಇಟ್ಟುಕೊಂಡು ಹೋಗಿ.