ಸಹಾಯ ಬೇಕು: ಮಗನ ಹಾಸಿಗೆ ಒದ್ದೆಯಾಗುವ ತೊಂದರೆ ಮತ್ತು ಎಡಿಎಚ್‌ಡಿ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆಯ ನವನಗರದವರು. ನಮ್ಮ ಎಂಟು ವರ್ಷದ ಮಗ ಇಂದಿಗೂ ರಾತ್ರಿ ಹಾಸಿಗೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಮನೆಯವರು ಏಳುವ ಮೊದಲೇ ಒದ್ದೆಯಾದ ಕೌದಿಯನ್ನು ಮಡಚಿ ಮಂಚದ ಕೆಳಗೆ ತಳ್ಳಿರುತ್ತಾನೆ. ತರಗತಿಯಲ್ಲಿ ಕುಳಿತಲ್ಲಿ ಕೂರುವುದಿಲ್ಲ ಎಂದು ಶಿಕ್ಷಕರು ತಿಳಿಸಿದ ಮೇಲೆ, ಮಕ್ಕಳ ವೈದ್ಯರು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಯಾದ ಚಟುವಟಿಕೆಯ ತೊಂದರೆ) ಇರಬಹುದೆಂದು ಸೂಚಿಸಿದ್ದಾರೆ. ಗಮನದ ಕೊರತೆಯಿರುವ ಮಕ್ಕಳಲ್ಲಿ ಹಾಸಿಗೆ ಒದ್ದೆಯಾಗುವ ತೊಂದರೆ ಇತರರಿಗಿಂತ ಹೆಚ್ಚಾಗಿ ಕಾಣಿಸುತ್ತದೆಯಾದರೂ, ಎಲ್ಲವನ್ನೂ ಅದರ ಮೇಲೆಯೇ ಹಾಕುವ ಮೊದಲು ಮಲಬದ್ಧತೆ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ಅವರು ವಿವರಿಸಿದರು. ಮೂತ್ರ ಪರೀಕ್ಷೆಯಲ್ಲಿ ದೋಷ ಕಂಡಿಲ್ಲ. ಮಲಬದ್ಧತೆ ಇದೆ, ಅದಕ್ಕೆ ಔಷಧಿ ನಡೆದಿದೆ.

ನಾಲ್ಕು ಏಟು ಕೊಟ್ಟರೆ ಸರಿಹೋಗುತ್ತಾನೆ ಎನ್ನುವ ಬಂಧುಗಳ ಮಾತನ್ನು ನಾವು ಒಪ್ಪುವುದಿಲ್ಲ. ನಿದ್ದೆಯಲ್ಲಿ ಆಗುವುದಕ್ಕೆ ಮಗು ಹೊಣೆಯಲ್ಲ.

ಬಟ್ಟೆ ಒದ್ದೆಯಾದೊಡನೆ ಸದ್ದು ಮಾಡಿ ಎಬ್ಬಿಸುವ ಅಲಾರಂ ಅನ್ನು ಇಂಥ ಮಗುವಿಗೆ ಬಳಸಿದವರಿದ್ದರೆ, ಎಡಿಎಚ್‌ಡಿ ಚಿಕಿತ್ಸೆಯನ್ನು ಮೊದಲು ಆರಂಭಿಸಿದಿರೋ ಅಥವಾ ಎರಡನ್ನೂ ಜೊತೆಗೇ ನಡೆಸಿದಿರೋ ಎಂಬುದನ್ನು ದಯವಿಟ್ಟು ತಿಳಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಮಕ್ಕಳನ್ನು ಕರೆದೊಯ್ದವರು, ಬೆಳಗಾವಿ ಅಥವಾ ವಿಜಯಪುರದಲ್ಲಿ ಎರಡೂ ತೊಂದರೆಗಳನ್ನು ಒಟ್ಟಿಗೆ ನೋಡುವ ವೈದ್ಯರನ್ನು ಬಲ್ಲವರು ಮಾಹಿತಿ ಕೊಟ್ಟರೆ ಬಹಳ ಉಪಕಾರವಾಗುತ್ತದೆ.