ಪದಚರ್ಚೆ: ‘ಎಂಟೇಲ್’ ಆದ ಜಮೀನಿಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಮಿತ್ರರಿಗೆ ನಮಸ್ಕಾರ.

ಒಂದು ಉಯಿಲಿನ ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರನೊಬ್ಬನದು, ಮೂರನೆಯ ಜಾರ್ಜ್ ದೊರೆಯ ಕಾಲದ್ದು. ಮೊದಲ ಕರಡಿನಲ್ಲಿ ನಾನು ಮಾಡಿದ ಎಡವಟ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂಲದಲ್ಲಿ ಅವನನ್ನು ‘ಟೆನೆಂಟ್ ಫಾರ್ ಲೈಫ್’ ಎಂದು ಕರೆದಿತ್ತು. ನಿಘಂಟು ನೋಡಿ ‘ಆಜೀವ ಗೇಣಿದಾರ’ ಎಂದು ಬರೆದೆ. ಕರಡು ಓದಿದ ಅಮ್ಮ ಕನ್ನಡಕ ತೆಗೆದಿಟ್ಟು, “ಇವನು ಒಕ್ಕಲಾದರೆ ಧಣಿ ಯಾರು ಮಾರಾಯ?” ಎಂದು ಕೇಳಿದರು. 1974ರ ಭೂಸುಧಾರಣೆಯ ಹೊತ್ತಿಗೆ ಡಿಕ್ಲರೇಶನ್ ಕೊಟ್ಟ ಮನೆಯವರು ಅವರು. ಗೇಣಿ ಅಂದರೆ ಏನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನನ್ನ ಉಯಿಲಿನ ಮನುಷ್ಯನೋ ಗೇಣಿ ವಸೂಲಿ ಮಾಡುವವನು, ಕೊಡುವವನಲ್ಲ. ಆದರೆ ಅವನು ಪೂರ್ತಿ ಧಣಿಯೂ ಅಲ್ಲ. ತೊಡಕು ಇರುವುದೇ ಅಲ್ಲಿ.

ಆ ಕಾಲದ ದೊಡ್ಡ ಜಮೀನುಗಳ ಪಾಡು ಹೀಗಿತ್ತು. ಮನೆ, ಹೊಲ, ಕಾಡು ಎಲ್ಲದರ ಆದಾಯವನ್ನೂ ಬದುಕಿರುವಷ್ಟು ದಿನ ಅವನು ಅನುಭವಿಸಬಹುದು. ಮಾರುವಂತಿಲ್ಲ; ಇಷ್ಟಬಂದವರ ಹೆಸರಿಗೆ ಉಯಿಲು ಬರೆಯುವಂತೆಯೂ ಇಲ್ಲ. ಅವನ ನಂತರ ಅದು ಹಿರಿಯ ಮಗನಿಗೆ, ಮಗನಿಲ್ಲದಿದ್ದರೆ ಮೊದಲೇ ಗೊತ್ತುಮಾಡಿದ ಬೇರೊಬ್ಬ ಗಂಡಸಿಗೆ ಇಳಿಯಬೇಕು. ಮನೆತುಂಬ ಹೆಣ್ಣುಮಕ್ಕಳಿದ್ದರೂ ಎಲ್ಲೋ ದೂರದಲ್ಲಿರುವ ದಾಯಾದಿ ಬಂದು ಬೀಗದ ಕೈ ಕೇಳುತ್ತಾನೆ. (‘ದಾಯಾದಿ’ ಇಲ್ಲಿ ಮೂಲಕ್ಕಿಂತಲೂ ಚೆನ್ನಾಗಿ ಕೂರುತ್ತದೆ. ನಂಟಸ್ತಿಕೆಯೊಂದಿಗೆ ಹೊಟ್ಟೆಯುರಿಯೂ ಆ ಪದದೊಳಗೇ ಇದೆ.) ಇಂಥ ಕಟ್ಟು ಇಲ್ಲದ ಜಮೀನಿನ ಒಡೆಯ ಉಯಿಲು ಬರೆಯದೆ ಸತ್ತು, ಗಂಡುಮಕ್ಕಳು ಇಲ್ಲದಿದ್ದರೆ, ಹೆಣ್ಣುಮಕ್ಕಳೇ ಒಟ್ಟಾಗಿ ವಾರಸುದಾರರಾಗುತ್ತಿದ್ದರು. ಅವರನ್ನು ಹೊರಗಿಟ್ಟದ್ದು ‘ಗಂಡು ಸಂತತಿಗೆ ಮಾತ್ರ’ ಎಂದು ಪತ್ರದಲ್ಲಿ ಸೇರಿಸಿದ ಷರತ್ತು.

ಇದಕ್ಕೆ ಇಂಗ್ಲಿಷಿನಲ್ಲಿ ‘ಎಂಟೇಲ್’ ಎನ್ನುತ್ತಾರೆ. ಅದರೊಳಗಿನ ‘ಟೇಲ್’ ಬಾಲವಲ್ಲ. ಹಳೆಯ ಫ್ರೆಂಚಿನ, ‘ಕತ್ತರಿಸು’ ಎಂಬ ಅರ್ಥದ ಧಾತು. ನಮ್ಮ ಬೀದಿಯ ಟೈಲರನೂ ಅದೇ ಬೇರಿನವನು. ಪೂರ್ಣ ಒಡೆತನದಿಂದ ಕತ್ತರಿಸಿದ, ಮೊಟಕಾದ ಒಡೆತನ ಎಂದು ಹೇಳಬಹುದು. 1285ರ ಕಾಯಿದೆಯೊಂದು ಇದಕ್ಕೆ ಬುನಾದಿ.

ಈಗ ಕನ್ನಡಕ್ಕೆ ಬರೋಣ. ಯಾರಾದರೂ ‘ಪಿತ್ರಾರ್ಜಿತ ಆಸ್ತಿ’ ಎಂದು ಸೂಚಿಸುವ ಮೊದಲೇ ಹೇಳುತ್ತೇನೆ, ಅದು ಸಲ್ಲದು. ಪಿತ್ರಾರ್ಜಿತ ಎಂದೊಡನೆ ಹಿಂದೂ ಆಸ್ತಿಹಕ್ಕಿನ ಹಳೆಯ ಆಧಾರಗ್ರಂಥ ಮಿತಾಕ್ಷರ ಬಂದು ನಿಲ್ಲುತ್ತದೆ. ನಮ್ಮ ಕಲ್ಯಾಣದಲ್ಲೇ ಕೂತು ವಿಜ್ಞಾನೇಶ್ವರ ಹೇಳಿದ ಲೆಕ್ಕ: ಮಗ ಹುಟ್ಟಿದೊಡನೆ ತಾತನ ಆಸ್ತಿಯಲ್ಲಿ ಅವನಿಗೂ ಹಕ್ಕು ಹುಟ್ಟುತ್ತದೆ. ಇಂಗ್ಲೆಂಡಿನ ಎರಡನೆಯ ಮಗನಿಗೆ ಹುಟ್ಟಿನಿಂದ ಬಂದ ಹಕ್ಕು ಏನೂ ಇರಲಿಲ್ಲ. ಆದ್ದರಿಂದ ‘ಪಾಲು’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಕಿರಿಯ ಮಕ್ಕಳಿಗೆ ಜಮೀನಿನ ಮೇಲೆ ಹೊರೆ ಹಾಕಿ ಒಂದಿಷ್ಟು ಹಣ ಕೊಡುತ್ತಿದ್ದರು. ಅದಕ್ಕೆ ‘ಪಾಲು’ ಎಂದರೆ ನಮ್ಮ ಓದುಗರು ಹೊಲದ ನಡುವೆ ಬದು ಹಾಕಿದ್ದನ್ನು ಕಲ್ಪಿಸಿಕೊಳ್ಳುತ್ತಾರೆ. ನಾನು ‘ಇಡುಗಂಟು’ ಎಂದಿದ್ದೇನೆ. ಕೆಂಟ್ ಪ್ರಾಂತ ಮಾತ್ರ ಬೇರೆ. ಉಯಿಲಿಲ್ಲದಿದ್ದರೆ ಗಂಡುಮಕ್ಕಳಿಗೆಲ್ಲ ಸಮನಾಗಿ ಹಂಚುವ ವಾಡಿಕೆ ಅಲ್ಲಿತ್ತು. ಅಲ್ಲಿಗೆ ‘ಪಾಲು’ ಸರಿಯೇ.

ಇನ್ನೊಂದು ಆಮಿಷ ನಮ್ಮ ಹಳೆಯ ದಾನಪತ್ರ, ಕ್ರಯಪತ್ರಗಳದ್ದು. ‘ಪುತ್ರಪೌತ್ರಪಾರಂಪರ್ಯವಾಗಿ, ಆಚಂದ್ರಾರ್ಕಸ್ಥಾಯಿಯಾಗಿ ಸುಖದಿಂದ ಅನುಭವಿಸಿಕೊಂಡು ಬರುವುದು.’ ಮೂಲದ ‘ಅವನ ದೇಹದಿಂದ ಹುಟ್ಟಿದ ವಾರಸುದಾರರಿಗೆ’ ಎಂಬ ಒಕ್ಕಣೆಗೆ ಇದಕ್ಕಿಂತ ಸೊಗಸಾದ ಜೋಡಿ ಎಲ್ಲಿ ಸಿಗಬೇಕು ಎಂದು ಖುಷಿಯಾಗಿದ್ದೆ. ಆಮೇಲೆ ನೋಡಿದರೆ ಎರಡರ ಅರ್ಥವೂ ತದ್ವಿರುದ್ಧ. ನಮ್ಮ ಪತ್ರಗಳಲ್ಲಿ ಪುತ್ರಪೌತ್ರರ ಜೊತೆಗೇ ‘ದಾನ, ಆಧಿ, ಕ್ರಯ, ವಿನಿಮಯಗಳಿಗೆ ಸಲ್ಲುವುದು’ ಎಂಬ ಮಾತೂ ಎಷ್ಟೋ ಸಲ ಇರುತ್ತದೆ. ಅಂದರೆ ನಿನ್ನ ಆಸ್ತಿ, ಮಾರು, ಒತ್ತೆ ಇಡು, ನಿನ್ನಿಷ್ಟ. ಇಂಗ್ಲಿಷ್ ಪತ್ರದಲ್ಲಿ ಮಕ್ಕಳ ಹೆಸರು ಬರುವುದು ಅಪ್ಪನ ಕೈ ಕಟ್ಟುವುದಕ್ಕೆ.

‘ಆಚಂದ್ರಾರ್ಕ’ವೂ ಆಗದು. ಹುಟ್ಟಿಯೇ ಇರದ ತಲೆಮಾರುಗಳನ್ನು ಎಂದೆಂದಿಗೂ ಬಿಗಿಯಲು ಅಲ್ಲಿನ ನ್ಯಾಯಾಲಯಗಳು ಬಿಡುತ್ತಿರಲಿಲ್ಲ. ಹಾಗಾಗಿ ವಕೀಲರು 17ನೆಯ ಶತಮಾನದಲ್ಲಿ ಒಂದು ಜಾಣ ಏರ್ಪಾಡು ಕಂಡುಹಿಡಿದರು. ಹಿರಿಯ ಮಗನಿಗೆ 21 ತುಂಬಿದಾಗಲೋ ಮದುವೆಯ ಹೊತ್ತಿಗೋ ಅಪ್ಪ ಮಗ ಇಬ್ಬರೂ ಸೇರಿ ಹಳೆಯ ಕಟ್ಟನ್ನು ಬಿಚ್ಚುತ್ತಾರೆ, ಕೂಡಲೇ ಹೊಸದಾಗಿ ಬಿಗಿಯುತ್ತಾರೆ. ಮಗನಿಗೆ ಆಗಲೇ ಕೈಖರ್ಚಿಗೆ ವರ್ಷಾಶನ ಶುರು. ಅದರ ಬದಲಿಗೆ ಅವನೂ ಅಪ್ಪನಂತೆಯೇ ಬರಿಯ ಅನುಭವದಾರನಾಗಲು ಒಪ್ಪುತ್ತಾನೆ. ಕೈಯಲ್ಲಿ ಕಾಸಿಲ್ಲದ 21ರ ಹುಡುಗ ಇನ್ನೇನು ಮಾಡಿಯಾನು? ಹೀಗೆ ತಲೆಮಾರಿಗೊಮ್ಮೆ ಗಂಟು ಹಾಕುತ್ತ ಹೋದರು. ದೊಡ್ಡ ಮನೆತನಗಳ ಜಮೀನು ಎಲ್ಲಿಗೆ ಹೋಗುತ್ತದೆಂದು ಹೆಚ್ಚಾಗಿ ನಿರ್ಧಾರವಾಗುತ್ತಿದ್ದದ್ದು ಈ ಮದುವೆಯ ಪತ್ರದಲ್ಲೇ. ಕಟ್ಟಿಗೆ ಸೇರದ ನೆಲ, ಹಣ, ಬೆಳ್ಳಿ ಪಾತ್ರೆ, ಕುದುರೆ ಇಂಥವು ಉಯಿಲಿನ ಪಾಲಿಗೆ ಉಳಿಯುತ್ತಿದ್ದವು.

ಆದ್ದರಿಂದ ನನಗೆ ಹೊಳೆದ ಪದ ‘ಕಟ್ಟುವಾರಸು’. ‘ಕಟ್ಟು’ವಿನಲ್ಲಿ ಬಿಗಿಯುವುದೂ ಇದೆ, ಕಟ್ಟಳೆಯೂ ಇದೆ. ಕ್ರಿಯಾಪದಗಳೂ ತಾವಾಗಿಯೇ ಬರುತ್ತವೆ: ಕಟ್ಟು ಬಿಚ್ಚಿಸಿದ, ಮತ್ತೆ ಬಿಗಿದ, ಕಟ್ಟಿನಾಚೆಯ ಜಮೀನು. ‘ಪರಭಾರೆ ನಿರ್ಬಂಧಿತ ಆಸ್ತಿ’ ಎಂದೂ ಬರೆದು ನೋಡಿದೆ. ಅರ್ಥವೇನೋ ನಿಖರ, ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ವಾಸನೆ ಹೊಡೆಯುತ್ತದೆ. ಕನ್ನಡದ ‘ಕಟ್ಟಿ’ಗೆ ಅರಬ್ಬಿಯ ‘ವಾರಸು’ ಅಂಟಿಸಿದ್ದಕ್ಕೆ ಅರಿಸಮಾಸದ ಆಕ್ಷೇಪ ಬರಬಹುದು. ‘ಉಯಿಲು’ ಪದವೇ ಇಂಗ್ಲಿಷಿನ ವಿಲ್ ಅಲ್ಲವೇ, ಆ ಸಾಲಿನಲ್ಲಿ ಇದೂ ಒಂದು ಕೂತಿರಲಿ. ‘ಟೆನೆಂಟ್ ಫಾರ್ ಲೈಫ್’ ಈಗ ‘ಜೀವಾವಧಿ ಅನುಭವದಾರ’ ಆಗಿದ್ದಾನೆ. ಅಮ್ಮ ಒಪ್ಪಿದ್ದಾರೆ.

ಉಳಿದ ಸಣ್ಣಪುಟ್ಟ ತೊಡಕುಗಳು. ಉಯಿಲಿನಲ್ಲಿ ‘ಡಿವೈಸ್’, ‘ಬಿಕ್ವೀತ್’ ಎಂದು ಎರಡು ಕ್ರಿಯಾಪದಗಳಿವೆ, ಮೊದಲಿನದು ನೆಲಕ್ಕೆ, ಎರಡನೆಯದು ಚರಾಸ್ತಿಗೆ. ಇದು ಬರಿಯ ಮಾತಿನ ಅಲಂಕಾರವಲ್ಲ. 1677ರ ಕಾಯಿದೆಯ ಪ್ರಕಾರ ನೆಲದ ಉಯಿಲಿಗೆ ಕನಿಷ್ಠ ಮೂವರು ಸಾಕ್ಷಿಗಳು ಬೇಕಿತ್ತು. ಚರಾಸ್ತಿಗೆ ಸಾಕ್ಷಿಗಳ ಆ ಕಡ್ಡಾಯ ಇರಲಿಲ್ಲ, ಆದರೆ ಅದನ್ನು ರುಜುವಾತುಪಡಿಸಬೇಕಾದದ್ದು ಚರ್ಚಿನ ನ್ಯಾಯಾಲಯದಲ್ಲಿ. ಎರಡಕ್ಕೂ ಇಬ್ಬರೇ ಸಾಕ್ಷಿಗಳು ಎಂದಾದದ್ದು 1837ರ ಕಾಯಿದೆಯಿಂದ. ನಾನು ‘ಬರೆದುಕೊಟ್ಟಿದ್ದೇನೆ’, ‘ಬಿಟ್ಟಿದ್ದೇನೆ’ ಎಂದು ಬೇರೆಮಾಡಿದ್ದೇನೆ. ಸಾಕೇ?

ಮಗನೊಬ್ಬನಿಗೆ ಒಂದೇ ಒಂದು ಷಿಲ್ಲಿಂಗ್ ಬಿಟ್ಟಿದ್ದಾನೆ. ಏನಾದರೂ ಕೊಡದಿದ್ದರೆ ಉಯಿಲು ಬಿದ್ದುಹೋಗುತ್ತದೆ ಎಂದು ಜನ ನಂಬಿದ್ದರು. ಅದು ತಪ್ಪು ತಿಳಿವಳಿಕೆ ಎಂದು ಇಂಗ್ಲಿಷ್ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಆಗಲೇ ಬರೆದಿದ್ದ. ‘ಷಿಲ್ಲಿಂಗ್ ಕೊಟ್ಟು ಕೈತೊಳೆದುಕೊಂಡ’ ಎಂದು ಇಟ್ಟಿದ್ದೇನೆ. ‘ಕೈಗೆ ಚಿಪ್ಪು ಕೊಟ್ಟ’ ಎಂದು ಬರೆಯಲು ಕೈ ತುರಿಸಿತು, ತಡೆದುಕೊಂಡೆ.

ನಿಜವಾಗಿ ದಾರಿ ಕಾಣದಿರುವುದು ‘ಜಾಯಿಂಚರ್’ ಮುಂದೆ. ಗಂಡ ಸತ್ತ ಮೇಲೆ ಹೆಂಡತಿಗೆ ಜಮೀನಿನ ಆದಾಯದಿಂದ ವರ್ಷವರ್ಷ ಇಷ್ಟು ಎಂದು ಮದುವೆಗೆ ಮುಂಚೆಯೇ ಮಾತಾದ ಮೊತ್ತ ಅದು. ಅದನ್ನು ಒಪ್ಪಿದವಳು ಗಂಡನ ಜಮೀನಿನ ಮೂರನೆಯ ಒಂದಂಶದ ಮೇಲೆ ಜೀವಮಾನವಿಡೀ ಇರುತ್ತಿದ್ದ ಹಕ್ಕನ್ನು ಬಿಟ್ಟುಕೊಟ್ಟಂತೆ. ‘ಜೀವನಾಂಶ’ ಎಂದರೆ ಕೋರ್ಟಿನ ಜಗಳ ನೆನಪಾಗುತ್ತದೆ, ‘ವಿಧವಾ ವೇತನ’ ಎಂದರೆ ತಾಲೂಕು ಕಚೇರಿಯ ಸಾಲು. ‘ಸ್ತ್ರೀಧನ’ ಅಂತೂ ಬೇರೆಯೇ. ‘ಮನೋವರ್ತಿ’ ಹತ್ತಿರ ಬರುತ್ತದೆ, ಆದರೆ ಮೊದಲೇ ಆದ ಕರಾರು ಎಂಬ ಭಾವ ಅದರಲ್ಲಿ ಇದೆಯೇ? ಹಳೆ ಮೈಸೂರಿನ ಅಥವಾ ದಕ್ಷಿಣ ಕನ್ನಡದ ಮನೆಪತ್ರಗಳನ್ನು ಓದಿ ಅಭ್ಯಾಸವಿರುವವರು ಇಂಥ ಏರ್ಪಾಡಿಗೆ ಬೇರೆ ಪದ ಕಂಡಿದ್ದರೆ, ವಾಕ್ಯಸಮೇತ ತಿಳಿಸಿ. ಕರಡು ಮುಂದಿನ ಶುಕ್ರವಾರ ಕೊಡಬೇಕು.